ಎದೆಹಾಲು, ಹಿಂಡಿಟ್ಟ ಹಾಲು, ಡಬ್ಬಿ ಹಾಲು: ಕೂಸಿನ ಹೊಟ್ಟೆಯ ಬ್ಯಾಕ್ಟೀರಿಯಾಗಳ ಲೆಕ್ಕದಲ್ಲಿ ಯಾವುದು ಹೇಗೆ?

ಹೆರಿಗೆ ರಜೆ ಮುಗಿಯುತ್ತಾ ಬಂತು ಅನ್ನುವಾಗ ಮುಂಬಯಿಯ ನಮ್ಮ ಕನ್ನಡದ ಮನೆಗಳಲ್ಲಿ ಒಂದು ಪಂಚಾಯ್ತಿ ಶುರುವಾಗುತ್ತದೆ. ಈಗಲೇ ಬಾಟಲಿ ಅಭ್ಯಾಸ ಮಾಡಿಸು ಅಂತ ಅತ್ತೆ. ಹಸುವಿನ ಹಾಲಿಗೆ ನೀರು ಬೆರೆಸಿ ಕೊಡು, ನಿಮ್ಮನ್ನೆಲ್ಲ ಹಾಗೇ ಸಾಕಿದ್ದು ಅಂತ ಊರಿಂದ ಅಮ್ಮನ ಫೋನು. ಆಫೀಸಿನ ಗೆಳತಿ ಪಂಪಿನ ಲಿಂಕ್ ಕಳಿಸುತ್ತಾಳೆ. ಕೆಳಗಿನ ಮೆಡಿಕಲ್ ಸ್ಟೋರಿನವನು ಎರಡು ಡಬ್ಬಿ ಮುಂದಿಟ್ಟು, "ಇದು ಸ್ವಲ್ಪ ಜಾಸ್ತಿ ರೇಟು ಮೇಡಂ, ಆದರೆ ಪ್ರೊಬಯಾಟಿಕ್ ಇದೆ" ಅನ್ನುತ್ತಾನೆ. ಪ್ರೊಬಯಾಟಿಕ್ ಅಂದರೆ ಹೊಟ್ಟೆಗೆ ಒಳ್ಳೆಯದು ಅಂತ ಸೇರಿಸುವ ಜೀವಂತ ಬ್ಯಾಕ್ಟೀರಿಯಾ.

ಇವುಗಳಲ್ಲಿ ಒಂದನ್ನು ಆರಿಸಲು ತೂಕ, ಖರ್ಚು, ನಿದ್ದೆ ಅಂತ ಹತ್ತು ಲೆಕ್ಕಗಳಿವೆ. ಇಲ್ಲಿ ಮುಖ್ಯವಾಗಿ ಒಂದೇ ಲೆಕ್ಕ ಹಾಕಿದ್ದೇನೆ: ಕೂಸಿನ ಕರುಳಿನ ಬ್ಯಾಕ್ಟೀರಿಯಾ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಹಟ ಹಿಡಿಯುವುದಿದ್ದರೆ ಮೊದಲ ಕೆಲವು ವಾರ ಹಿಡಿಯಿರಿ. ಆಮೇಲೆ ಹಟ ಬೇಡ, ಆದರೆ ಎದೆಹಾಲನ್ನು ಪೂರ್ತಿ ನಿಲ್ಲಿಸಬೇಡಿ. ದಿನಕ್ಕೆ ಎರಡೇ ಸಲ ಆದರೂ ಸರಿ.

ಕರುಳಿನೊಳಗೆ ಏನು ನಡೆಯುತ್ತದೆ

ಎದೆಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬು ಬಿಟ್ಟರೆ ಅತಿ ಜಾಸ್ತಿ ಇರುವ ಘನ ಪದಾರ್ಥ ಒಂದು ಬಗೆಯ ಸಕ್ಕರೆ ಸರಪಳಿ. ಅದನ್ನು ಎಚ್‌ಎಂಒ ಅಂತ ಕರೆಯುತ್ತಾರೆ. ಇಲ್ಲಿಯವರೆಗೆ ಸುಮಾರು 200 ಬಗೆ ಗುರುತಿಸಿದ್ದಾರೆ. ಒಂದು ಲೀಟರ್ ಹಾಲಿನಲ್ಲಿ 5ರಿಂದ 15 ಗ್ರಾಂ ಇರುತ್ತದೆ, ಮೊದಲ ದಿನಗಳ ಹಳದಿ ಹಾಲಿನಲ್ಲಿ 20 ಗ್ರಾಂ ದಾಟುತ್ತದೆ. ತಮಾಷೆಯೆಂದರೆ ಇದನ್ನು ಜೀರ್ಣಿಸಿಕೊಳ್ಳಲು ಕೂಸಿಗೆ ಆಗುವುದೇ ಇಲ್ಲ. ಹೊಟ್ಟೆ ದಾಟಿ ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ತಾಯಿಯ ಮೈ ಅಷ್ಟೊಂದು ಶ್ರಮಪಟ್ಟು ಕೂಸಿಗೆ ದಕ್ಕದ ಆಹಾರ ಯಾಕೆ ತಯಾರಿಸಬೇಕು?

ಅದು ಕೂಸಿಗಲ್ಲ, ಕೂಸಿನ ಕರುಳಲ್ಲಿರುವ ಬಿಫಿಡೋಬ್ಯಾಕ್ಟೀರಿಯಂಗೆ. 1899ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಹೆನ್ರಿ ಟಿಸ್ಸಿಯೇ ಎಂಬ ವೈದ್ಯರು ಎದೆಹಾಲು ಕುಡಿಯುವ ಮಕ್ಕಳ ಮಲದಲ್ಲಿ ಕವೆಗೋಲಿನ ಹಾಗೆ ಕವಲೊಡೆದ ಬ್ಯಾಕ್ಟೀರಿಯಾ ಕಂಡರು. ಅದೇ ಇದು. ಇದರಲ್ಲಿ ಇನ್‌ಫ್ಯಾಂಟಿಸ್ ಅನ್ನುವ ಉಪಜಾತಿಯಂತೂ ಎಚ್‌ಎಂಒ ಸರಪಳಿಯನ್ನು ಇಡಿಯಾಗಿ ತನ್ನೊಳಗೆ ಎಳೆದುಕೊಂಡು, ಒಳಗೇ ತುಂಡು ಮಾಡಿ ತಿನ್ನುತ್ತದೆ. ಹೊರಗೆ ಚೂರು ಬಿದ್ದರೆ ತಾನೇ ಬೇರೆಯವಕ್ಕೆ ಸಿಗುವುದು! ಹೀಗೆ ತಿಂದು ಅದು ಅಸಿಟಿಕ್ ಆಮ್ಲ, ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಕರುಳು ಹುಳಿಯಾಗುತ್ತದೆ. ಆ ಹುಳಿಯಲ್ಲಿ ಹಲವು ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಬೇರೂರುವುದು ಕಷ್ಟ.

ಡಬ್ಬಿ ಹಾಲು ಕುಡಿಯುವ ಮಕ್ಕಳಲ್ಲೂ ಬಿಫಿಡೋ ಇರುತ್ತದೆ, ಇಲ್ಲ ಅಂತಲ್ಲ. ಆದರೆ ಅದರ ಜೊತೆಗೆ ಕ್ಲಾಸ್ಟ್ರಿಡಿಯಂ ಗುಂಪು, ಇ.ಕೋಲಿಯ ಬಂಧುಗಳು, ಎಂಟರೊಕಾಕಸ್ ಎಲ್ಲ ಜಾಸ್ತಿ ಸೇರಿಕೊಳ್ಳುತ್ತವೆ. ಕರುಳಿನ ಹುಳಿ ಕಡಿಮೆ. ಇಲ್ಲಿ ಅನೇಕರು ಎಡವುತ್ತಾರೆ. "ವೈವಿಧ್ಯ ಜಾಸ್ತಿ ಇದ್ದಷ್ಟೂ ಒಳ್ಳೆಯದು" ಅಂತ ದೊಡ್ಡವರ ಹೊಟ್ಟೆಯ ಬಗ್ಗೆ ಓದಿರುತ್ತೀರಿ. ಆರು ತಿಂಗಳೊಳಗಿನ ಕೂಸಿಗೆ ಆ ಮಾತು ಅನ್ವಯಿಸುವುದಿಲ್ಲ. ಆ ವಯಸ್ಸಿನಲ್ಲಿ ಕೆಲವೇ ಜಾತಿ, ಅದರಲ್ಲೂ ಬಿಫಿಡೋದ ಕಾರುಬಾರು ಜಾಸ್ತಿ ಇರುವುದೇ ಸಹಜ.

ಈ ವ್ಯತ್ಯಾಸ ನೋಡಲು ಮೈಕ್ರೋಸ್ಕೋಪ್ ಬೇಕಿಲ್ಲ, ಲಂಗೋಟಿ ಸಾಕು. ಬರೀ ಎದೆಹಾಲಿನ ಕಕ್ಕ ಸಾಸಿವೆ ಹಳದಿ, ತೆಳ್ಳಗೆ, ನಡುನಡುವೆ ಸಣ್ಣ ಬೀಜದಂಥ ಕಾಳು, ವಾಸನೆ ಸ್ವಲ್ಪ ಹುಳಿಹುಳಿ. ಡಬ್ಬಿ ಹಾಲಿನದು ಗಟ್ಟಿ, ಕಂದು ಬಣ್ಣ, ನಾತ ದೊಡ್ಡವರದರ ಹತ್ತಿರಕ್ಕೆ. ಎದೆಹಾಲಿನ ಮಗು ಮೊದಲ ತಿಂಗಳು ದಿನಕ್ಕೆ ಏಳೆಂಟು ಸಲ ಮಾಡಿಕೊಳ್ಳಬಹುದು. ಆಮೇಲೆ ನಾಲ್ಕೈದು ದಿನ ಮಾಡದೆಯೂ ಆರಾಮಾಗಿ ನಗುತ್ತಿರಬಹುದು. ಎರಡೂ ಸರಿಯೇ. ಇದನ್ನು ಭೇದಿ ಅಂತಲೋ ಮಲಬದ್ಧತೆ ಅಂತಲೋ ತಿಳಿದು ಹಾಲು ಬದಲಿಸುವವರೇ ಜಾಸ್ತಿ. ರಕ್ತ, ಲೋಳೆ, ಬಿಳಿಚಿದ ಬಣ್ಣ ಕಂಡರೆ, ಅಥವಾ ಮಗು ಮಂಕಾಗಿದ್ದರೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ಆಸ್ಪತ್ರೆಯ ಎರಡನೇ ರಾತ್ರಿ

ಆಯ್ಕೆ ನಿಜವಾಗಿ ಶುರುವಾಗುವುದು ಇಲ್ಲಿ, ರಜೆ ಮುಗಿಯುವಾಗ ಅಲ್ಲ. ಸಿಸೇರಿಯನ್ ಆಗಿರುತ್ತದೆ. ತಾಯಿಗೆ ಮಗ್ಗುಲು ಬದಲಿಸಲೂ ಆಗುವುದಿಲ್ಲ. ಎರಡನೇ ರಾತ್ರಿ ಕೂಸು ಗಂಟೆಗೊಂದು ಸಲ ಎದ್ದು ಅಳುತ್ತದೆ. "ಹಾಲೇ ಬಂದಿಲ್ಲ, ಪಾಪ ಹಸಿದಿದೆ" ಅಂತ ಕೋಣೆಯಲ್ಲಿರುವವರೆಲ್ಲ ಒಟ್ಟಿಗೆ ಹೇಳುತ್ತಾರೆ. ಯಾರೋ ಒಂದು ಡಬ್ಬಿ ತರುತ್ತಾರೆ.

ಕೆನಡಾದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನವೊಂದು 2018ರಲ್ಲಿ ಬಂತು. ಆಸ್ಪತ್ರೆಯಲ್ಲಿ ಸ್ವಲ್ಪ ದಿನ ಮಾತ್ರ ಡಬ್ಬಿ ಹಾಲು ಕುಡಿದು, ಆಮೇಲೆ ಬರೀ ಎದೆಹಾಲಿಗೆ ಬಂದ ಮಕ್ಕಳಲ್ಲಿ ಕೂಡ ಮೂರು-ನಾಲ್ಕು ತಿಂಗಳಿಗೆ ಬಿಫಿಡೋ ಗುಂಪು ಕಡಿಮೆಯಿತ್ತು, ಇ.ಕೋಲಿಯ ಬಂಧುಗಳು ಜಾಸ್ತಿಯಿದ್ದವು. ಇದು ಬರೀ ಸಂಬಂಧ, ಕಾರಣ ಅಂತ ಖಡಾಖಂಡಿತ ಹೇಳಲಾಗದು. ಆದರೂ ಬೇಕಿಲ್ಲದ ಮೊದಲ ಬಾಟಲಿಯನ್ನು ತಪ್ಪಿಸಲು ನನಗೆ ಇಷ್ಟು ಸಾಕು.

ಹಳದಿ ಹಾಲು ಬರುವುದೇ ಚಮಚದ ಲೆಕ್ಕದಲ್ಲಿ. ಕೂಸಿನ ಹೊಟ್ಟೆಯೂ ಅಷ್ಟೇ ಸಣ್ಣದು. ಮೊದಲ ದಿನಗಳಲ್ಲಿ ತೂಕ ನೂರಕ್ಕೆ ಏಳೆಂಟರಷ್ಟು ಇಳಿಯುವುದು ಮಾಮೂಲಿ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಹಾಗಾಗಿ ಡಬ್ಬಿ ತೆರೆಯುವ ಮುಂಚೆ ಡಾಕ್ಟರಿಗೆ ಕೇಳಿ: ತೂಕ ಎಷ್ಟು ಇಳಿದಿದೆ? ರಕ್ತದಲ್ಲಿ ಸಕ್ಕರೆ ಅಂಶ ಸರಿಯಾಗಿದೆಯಾ? ಕಾಮಾಲೆ ಎಷ್ಟಿದೆ? ಬೇಕೇ ಬೇಕು ಅಂದರೆ ಕೊಡಿ, ಹಿಂದೆ ಮುಂದೆ ನೋಡಬೇಡಿ. ಹಸಿದ ಕೂಸಿನ ಮುಂದೆ ಬ್ಯಾಕ್ಟೀರಿಯಾದ ವಾದ ನಡೆಯುವುದಿಲ್ಲ. ಬೇಡ ಅಂದರೆ ಕೈಯಿಂದಲೇ ಹಳದಿ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿ. ಅಜ್ಜಿ ಕಾಲದ ಬೆಳ್ಳಿ ಒಳಲೆ ಕಪಾಟಿನಲ್ಲಿ ಸುಮ್ನೆ ಕೂತಿರುತ್ತದಲ್ಲ, ಅದು ಬಾಟಲಿಗಿಂತ ತೊಳೆಯಲು ಸುಲಭ, ಮೂಲೆಯಲ್ಲಿ ಹಾಲು ನಿಲ್ಲುವುದಿಲ್ಲ.

ನೇರ ಎದೆಹಾಲು ಮತ್ತು ಹಿಂಡಿಟ್ಟ ಹಾಲು

ಎರಡರಲ್ಲೂ ಎಚ್‌ಎಂಒ ಒಂದೇ. ಫ್ರಿಜ್ಜಿನಲ್ಲಿಟ್ಟರೂ, ಗಟ್ಟಿಯಾಗಿ ಹೆಪ್ಪುಗಟ್ಟಿಸಿದರೂ ಅದು ಕೆಡುವುದಿಲ್ಲ. ವ್ಯತ್ಯಾಸ ಇರುವುದು ಜೀವಂತ ಬ್ಯಾಕ್ಟೀರಿಯಾದಲ್ಲಿ. ಎದೆಹಾಲು ಬ್ಯಾಕ್ಟೀರಿಯಾ ಇಲ್ಲದ ಶುದ್ಧ ದ್ರವ ಅಂತ ಹಿಂದೆ ನಂಬಿದ್ದರು. ಹಾಗಲ್ಲ. ಅಮೆರಿಕದಲ್ಲಿ 107 ತಾಯಿ-ಮಕ್ಕಳ ಜೋಡಿಗಳನ್ನು ನೋಡಿ 2017ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಮುಖ್ಯವಾಗಿ ಎದೆಹಾಲು ಕುಡಿಯುವ ಮಕ್ಕಳ ಕರುಳಿನ ಬ್ಯಾಕ್ಟೀರಿಯಾದಲ್ಲಿ ಮೊದಲ ತಿಂಗಳು ಶೇ. 27.7 ಹಾಲಿನಿಂದ ಬಂದದ್ದು, ಶೇ. 10.3 ಮೊಲೆತೊಟ್ಟಿನ ಸುತ್ತಲಿನ ಚರ್ಮದಿಂದ. ಆ ಎರಡನೆಯ ಪಾಲು ಬಾಟಲಿಯಲ್ಲಿ ಹೇಗೆ ಬರಬೇಕು?

ಕೆನಡಾದವರು 2019ರಲ್ಲಿ ಇನ್ನೊಂದು ಸಂಗತಿ ಹೇಳಿದರು. ಪಂಪ್ ಮಾಡಿ ಕುಡಿಸುವ ತಾಯಂದಿರ ಹಾಲಿನಲ್ಲಿ ಬಿಫಿಡೋ ಕಡಿಮೆ, ಕಾಯಿಲೆ ತರಬಲ್ಲ ಕೆಲವು ಜಾತಿಗಳು ಜಾಸ್ತಿ. ಪಂಪಿನ ಭಾಗಗಳಿಂದ ಬಂದಿರಬಹುದು. ಇನ್ನೊಂದು ಊಹೆಯೂ ಇದೆ. ಮಗು ಚೀಪುವಾಗ ಅದರ ಎಂಜಲು ಸ್ವಲ್ಪ ಹಿಂದಕ್ಕೆ ಎದೆಯೊಳಗೆ ಹೋಗುತ್ತದೆ, ಪಂಪಿನಲ್ಲಿ ಅದು ಆಗುವುದಿಲ್ಲ.

ಇದನ್ನು ಓದಿ ಪಂಪ್ ಎಸೆಯಬೇಡಿ. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಬಿಕೆಸಿಯ ಆಫೀಸಿಗೆ ಹೋಗುವವಳಿಗೆ ನೇರ ಹಾಲಿನ ಮಾತು ಸಂಜೆ ಏಳರ ಮೇಲೆಯೇ. ಅವಳಿಗೆ ಆಯ್ಕೆ ಇರುವುದು ಹಿಂಡಿಟ್ಟ ಹಾಲು ಮತ್ತು ಡಬ್ಬಿ ಹಾಲಿನ ನಡುವೆ. ಅಲ್ಲಿ ಹಿಂಡಿಟ್ಟ ಹಾಲು ಕಣ್ಣುಮುಚ್ಚಿ ಗೆಲ್ಲುತ್ತದೆ.

ಮುಂಬಯಿಯ ಸೆಕೆಗೆ ಒಂದು ಎಚ್ಚರಿಕೆ. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ ಇರುತ್ತದೆ ಅನ್ನುವ ಮಾತು 25 ಡಿಗ್ರಿ ಒಳಗಿನ ಕೋಣೆಗೆ. ಮೇ ತಿಂಗಳಲ್ಲಿ, ಅಕ್ಟೋಬರ್ ಬಿಸಿಲಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಹಿಂಡಿದ ಕೂಡಲೇ ಆಫೀಸಿನ ಫ್ರಿಜ್ಜಿಗೆ ಇಡಿ. ಟ್ರೈನಿನಲ್ಲಿ ತರುವಾಗ ಐಸ್ ಪ್ಯಾಕ್ ಇರುವ ಚೀಲ ಬೇಕೇ ಬೇಕು. ಮನೆಯ ಫ್ರಿಜ್ಜಿನಲ್ಲಿ ನಾಲ್ಕು ದಿನ ಅಂತ ಪುಸ್ತಕದಲ್ಲಿದೆ. ದಿನಕ್ಕೆ ಇಪ್ಪತ್ತು ಸಲ ಬಾಗಿಲು ತೆಗೆಯುವ ನಮ್ಮ ಫ್ರಿಜ್ಜಿಗೆ ಎರಡು ದಿನ ಅಂತ ಇಟ್ಟುಕೊಳ್ಳಿ, ಬಾಗಿಲಿನ ಅರೆಯಲ್ಲಿ ಇಡಬೇಡಿ. ಪಂಪಿನ ಭಾಗಗಳನ್ನು ಪ್ರತಿ ಸಲ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಅದು ತಾನಾಗಿ ಒಣಗುವುದೇ ಇಲ್ಲ, ಅದಕ್ಕೆ ಎರಡು ಸೆಟ್ ಇದ್ದರೆ ಒಳ್ಳೆಯದು.

ಕಾನೂನೂ ಸ್ವಲ್ಪ ನಿಮ್ಮ ಕಡೆಗಿದೆ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆ 26 ವಾರ. ಅದರಲ್ಲಿ 8 ವಾರ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡರೆ ಉಳಿಯುವುದು 18 ವಾರ, ಅಂದರೆ ಕೂಸಿಗೆ ನಾಲ್ಕು ತಿಂಗಳು ತುಂಬಿದ ಹೊಸದರಲ್ಲೇ ನೀವು ಆಫೀಸಿನಲ್ಲಿರುತ್ತೀರಿ. ಆರು ತಿಂಗಳು ಬರೀ ಎದೆಹಾಲು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಲ್ಲಿಗೆ ಎರಡು ತಿಂಗಳು ಕೊರತೆ! ಮೈಗೆ ಆಗುತ್ತದೆ, ಡಾಕ್ಟರೂ ಒಪ್ಪುತ್ತಾರೆ ಅಂದರೆ ಆದಷ್ಟು ರಜೆಯನ್ನು ಹೆರಿಗೆಯ ನಂತರಕ್ಕೆ ಉಳಿಸಿಕೊಳ್ಳಿ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲುಣಿಸುವ ಬಿಡುವು ಕೂಡ ಕಾನೂನಿನಲ್ಲಿದೆ. ಆ ಹೊತ್ತನ್ನು ಪಂಪಿಗೆ ಬಳಸಿಕೊಳ್ಳಲು ಮ್ಯಾನೇಜರ ಹತ್ತಿರ ರಜೆಗೆ ಮುಂಚೆಯೇ ಮಾತಾಡಿಡಿ. ಮಹಾರಾಷ್ಟ್ರದ ಸರ್ಕಾರಿ ಎಸ್‌ಟಿ ಬಸ್ ನಿಲ್ದಾಣಗಳಲ್ಲಿ ಹಿರಕಣಿ ಕಕ್ಷ ಅಂತ ಬೋರ್ಡು ಕಂಡರೆ ಅದು ಹಾಲುಣಿಸುವ ಕೋಣೆ. ಮನೆಯಲ್ಲಿ ಬಿಟ್ಟುಬಂದ ಕೂಸಿಗಾಗಿ ರಾತ್ರಿ ರಾಯಗಡದ ಕಡಿದಾದ ಬಂಡೆ ಇಳಿದು ಹೋದಳು ಎನ್ನುವ ಹಾಲು ಮಾರುವ ಹೆಂಗಸಿನ ಹೆಸರು ಅದಕ್ಕಿದೆ. ಕೋಣೆಗಳು ಎಲ್ಲ ಕಡೆ ಆ ಹೆಸರಿಗೆ ತಕ್ಕ ಹಾಗಿರುತ್ತವೆ ಅಂತ ಹೇಳಲಾರೆ.

ಅರ್ಧ ಅದು, ಅರ್ಧ ಇದು

ನಮ್ಮಲ್ಲಿ ಬಹಳ ಜನ ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ. ಎರಡೂ ಕೊಡುವ ಮಗುವಿನ ಕರುಳು ನಡುವೆ ಎಲ್ಲೋ ಇರುತ್ತದೆ, ಡಬ್ಬಿಯ ಪಾಲು ಹೆಚ್ಚಾದಷ್ಟೂ ಆ ಕಡೆಗೆ ವಾಲುತ್ತದೆ. "ಹೇಗೂ ಒಂದು ಬಾಟಲಿ ಕೊಟ್ಟಾಯ್ತು, ಇನ್ನು ಎದೆಹಾಲು ಕೊಟ್ಟು ಏನು ಪ್ರಯೋಜನ" ಅಂತ ಬಿಟ್ಟುಬಿಡುವವರಿದ್ದಾರೆ. ಅದು ತಪ್ಪು ಲೆಕ್ಕ. ಮೇಲೆ ಹೇಳಿದ 107 ಜೋಡಿಗಳ ಅಧ್ಯಯನದಲ್ಲೇ, ದಿನದಲ್ಲಿ ಎದೆಹಾಲಿನ ಪಾಲು ಎಷ್ಟೋ ಅಷ್ಟರ ಮಟ್ಟಿಗೆ ಕರುಳಿನ ಬ್ಯಾಕ್ಟೀರಿಯಾ ಬದಲಾಗುತ್ತಿತ್ತು. ಅನ್ನ-ಗಂಜಿ ಶುರುವಾದ ಮೇಲೂ ಹಾಗೆಯೇ ಇತ್ತು. ಅಂದರೆ ಪ್ರತಿ ಸಲದ ಹಾಲೂ ಲೆಕ್ಕಕ್ಕೆ ಬರುತ್ತದೆ.

ಹಾಗಾಗಿ ಹಗಲಿನ ಎರಡು ಹೊತ್ತು ಡಬ್ಬಿ, ಬೆಳಗ್ಗೆ ಹೊರಡುವ ಮುಂಚೆ, ಬಂದ ಕೂಡಲೇ, ಮತ್ತು ರಾತ್ರಿಯಿಡೀ ಎದೆ. ರಾತ್ರಿಯದನ್ನು ಬಿಡಬೇಡಿ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಜಾಸ್ತಿ ಇರುತ್ತದೆ, ರಾತ್ರಿ ಕುಡಿಸುವುದು ನಿಂತರೆ ಹಾಲು ಬೇಗ ಕಡಿಮೆಯಾಗುತ್ತದೆ. ಹಾಲು ಸಾಲುತ್ತಿದೆಯಾ ಅನ್ನುವ ಅನುಮಾನಕ್ಕೆ ಅಳುವನ್ನು ನೋಡಬೇಡಿ, ಒದ್ದೆ ಬಟ್ಟೆ ಎಣಿಸಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲ ಚೆನ್ನಾಗಿ ಒದ್ದೆಯಾಗುತ್ತಿದ್ದು, ತೂಕ ಏರುತ್ತಿದ್ದರೆ ಸಾಲುತ್ತಿದೆ.

ಡಬ್ಬಿಗಳ ನಡುವೆ ಆರಿಸುವುದು

ಕೆಲವರಿಗೆ ಡಬ್ಬಿ ಹಾಲೇ ದಾರಿ. ತಾಯಿಗೆ ಕೀಮೋದಂಥ ಚಿಕಿತ್ಸೆ ಇರಬಹುದು, ಮಗುವಿಗೆ ಹಾಲಿನ ಸಕ್ಕರೆ ಮೈಗೆ ಒಗ್ಗದ ಗ್ಯಾಲಕ್ಟೋಸೀಮಿಯಾ ಎಂಬ ಹುಟ್ಟು ಕಾಯಿಲೆ ಇರಬಹುದು, ದತ್ತು ಪಡೆದ ಕೂಸಿರಬಹುದು, ಏನು ಮಾಡಿದರೂ ಹಾಲು ಬಾರದೇ ಇರಬಹುದು. ಗ್ಯಾಲಕ್ಟೋಸೀಮಿಯಾಕ್ಕೆ ಯಾವ ಹಾಲು ಅಂತ ಡಾಕ್ಟರೇ ಹೇಳಬೇಕು. ಉಳಿದವರು ಮೊದಲ ವರ್ಷದ ಕರುಳಿನ ವ್ಯತ್ಯಾಸ ಜೀವನಪೂರ್ತಿ ಅಂಟಿಕೊಳ್ಳುತ್ತದೆ ಅಂತ ಹೆದರಬೇಕಿಲ್ಲ. ನಾಲ್ಕು ದೇಶಗಳ 903 ಮಕ್ಕಳನ್ನು ನೋಡಿದ 2018ರ ಅಧ್ಯಯನದ ಪ್ರಕಾರ, ಎರಡೂವರೆ ವರ್ಷದ ನಂತರ ಕರುಳಿನ ಬ್ಯಾಕ್ಟೀರಿಯಾ ಹೆಚ್ಚು ಕಡಿಮೆ ಒಂದು ಸ್ಥಿರ ರೂಪಕ್ಕೆ ಬರುತ್ತದೆ.

ಭಾರತದಲ್ಲಿ 1992ರ ಕಾನೂನು ಡಬ್ಬಿ ಹಾಲಿನ ಜಾಹೀರಾತನ್ನೇ ತಡೆದಿದೆ, ಡಬ್ಬಿಯ ಮೇಲೆ ಮಗುವಿನ ಚಿತ್ರ ಕೂಡ ಹಾಕುವಂತಿಲ್ಲ. ಹಾಗಾಗಿ ಪೈಪೋಟಿಯೆಲ್ಲ ಸಣ್ಣ ಅಕ್ಷರದ ಪದಗಳಲ್ಲಿ ನಡೆಯುತ್ತದೆ. ಜಿಒಎಸ್, ಎಫ್‌ಒಎಸ್ ಅಂತ ಇದ್ದರೆ ಅವು ಲ್ಯಾಕ್ಟೋಸ್‌ನಿಂದಲೋ ಚಿಕೋರಿ ಬೇರಿನಂಥ ಮೂಲದಿಂದಲೋ ಮಾಡಿದ ಸಕ್ಕರೆ ಸರಪಳಿಗಳು. ಬಿಫಿಡೋ ಸ್ವಲ್ಪ ಹೆಚ್ಚುತ್ತದೆ, ಮಲ ಮೆತ್ತಗಾಗುತ್ತದೆ, ಅಷ್ಟು ನಿಜ. 2'-ಎಫ್‌ಎಲ್ ಅಂತ ಇದ್ದರೆ ಅದು ಎದೆಹಾಲಿನ ಎಚ್‌ಎಂಒಗಳಲ್ಲಿ ಒಂದು, ಕಾರ್ಖಾನೆಯಲ್ಲಿ ಬ್ಯಾಕ್ಟೀರಿಯಾಗಳಿಂದ ಹುದುಗಿಸಿ ಮಾಡಿದ್ದು. ಎದೆಹಾಲಿನಲ್ಲಿ ಅಂಥವು 200 ಅಂತ ನೆನಪಿಟ್ಟುಕೊಂಡು ಬೆಲೆ ನೋಡಿ. ಕೈಗೆ ಎಟುಕಿದರೆ ತೆಗೆದುಕೊಳ್ಳಿ, ಸಾಲ ಮಾಡಿ ಬೇಡ.

ಪ್ರೊಬಯಾಟಿಕ್ ಡಬ್ಬಿಯ ಬಗ್ಗೆ ನನಗೊಂದು ತಕರಾರಿದೆ. ಹಾಲಿನ ಪುಡಿ ಕ್ರಿಮಿಮುಕ್ತ ಅಲ್ಲ. ಅದರಲ್ಲಿ ಅಪರೂಪಕ್ಕೆ ಕ್ರೋನೋಬ್ಯಾಕ್ಟರ್ ಎಂಬ ಅಪಾಯದ ಬ್ಯಾಕ್ಟೀರಿಯಾ ಇರಬಹುದು. ಅದಕ್ಕೇ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮುಂಚೆ, ಅಂದರೆ ಅರ್ಧ ಗಂಟೆಯೊಳಗೆ, ಪುಡಿ ಬೆರೆಸಿ, ಆಮೇಲೆ ತಣ್ಣೀರಲ್ಲಿಟ್ಟು ಆರಿಸಿ ಕೊಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಬಿಸಿಗೆ ಪ್ರೊಬಯಾಟಿಕ್ ಕೂಡ ಸಾಯುತ್ತದೆ. ಸಾಯಬಾರದು ಅಂತ ಕೆಲವು ಡಬ್ಬಿಗಳ ಮೇಲೆ ಬೆಚ್ಚಗಿನ ನೀರಲ್ಲಿ ಬೆರೆಸಿ ಅಂತ ಬರೆದಿರುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ, ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ನಾನಾದರೆ ಸಾದಾ ಡಬ್ಬಿ, ಬಿಸಿ ನೀರು ಆರಿಸುತ್ತೇನೆ. ಆರ್‌ಒ ನೀರು ಅಂದಮಾತ್ರಕ್ಕೆ ಕುದಿಸದೆ ಬಳಸುವಂತಿಲ್ಲ. ಬೆರೆಸಿದ ಹಾಲು ಎರಡು ಗಂಟೆ ಮೀರಿದರೆ ಚೆಲ್ಲಿ. ಡಬ್ಬಿ ಬೇಗ ಮುಗಿಯುತ್ತದೆ ಅಂತ ನೀರು ಜಾಸ್ತಿ ಮಾಡಬೇಡಿ.

ತಬೇಲಾ ಹಾಲು, ಪ್ಯಾಕೆಟ್ ಹಾಲು

ಒಂದು ವರ್ಷದೊಳಗೆ ಬೇಡ. ಹಸುವಿನ ಹಾಲಿನಲ್ಲಿ ಪ್ರೋಟೀನ್, ಉಪ್ಪಿನಂಶ ಕೂಸಿನ ಕಿಡ್ನಿಗೆ ಹೊರೆಯಾಗುವಷ್ಟು, ಕಬ್ಬಿಣಾಂಶ ತೀರಾ ಕಡಿಮೆ. ಕೆಲವು ಕೂಸುಗಳ ಕರುಳಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗುತ್ತದೆ. ಬಿಫಿಡೋ ತಿನ್ನುವ ಸಕ್ಕರೆ ಸರಪಳಿ ಅದರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ನೀರು ಬೆರೆಸಿದರೆ ಶಕ್ತಿಯೂ ಹೋಯಿತು. ಎಮ್ಮೆ ಹಾಲಂತೂ ಇನ್ನೂ ಕೊಬ್ಬು. ಹಳೆಯ ಕಾಲದಲ್ಲಿ ಬದುಕಿದವರನ್ನು ನೋಡಿ ಅಮ್ಮ ಮಾತಾಡುತ್ತಾರೆ, ಬದುಕದವರ ಲೆಕ್ಕ ಯಾರೂ ಇಟ್ಟಿಲ್ಲ.

ಜೇನು ನೆಕ್ಕಿಸುವುದು ವರ್ಷದೊಳಗೆ ಖಂಡಿತ ಬೇಡ, ನರಗಳನ್ನು ಸೋಲಿಸುವ ಬೊಟ್ಯುಲಿಸಂ ಎಂಬ ಕಾಯಿಲೆಯ ಅಪಾಯ. ಘುಟ್ಟಿ, ಬಜೆ ತೇದದ್ದು, ಗ್ರೈಪ್ ವಾಟರ್ ಕೂಡ ಆರು ತಿಂಗಳವರೆಗೆ ದೂರವಿಡಿ.

ದಾನದ ಹಾಲು

ಇದರಲ್ಲಿ ಮುಂಬಯಿಯ ಹೆಸರು ದೊಡ್ಡದು. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ 1989ರಲ್ಲಿ ಶುರುವಾದದ್ದು ಸಯನ್ ಆಸ್ಪತ್ರೆಯಲ್ಲಿ, ಡಾ. ಅರ್ಮಿಡಾ ಫರ್ನಾಂಡಿಸ್ ಅವರ ಪ್ರಯತ್ನದಿಂದ. ಅಲ್ಲಿಂದ ಮಾಟುಂಗಾದ ನಮ್ಮ ಕನ್ನಡ ಸಂಘಗಳಿಗೆ ನಡೆದೇ ಹೋಗಬಹುದು, ಆದರೆ ಈ ವಿಷಯ ಗೊತ್ತಿರುವವರು ಕಡಿಮೆ. ದಾನದ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುತ್ತಾರೆ. ಜೀವಂತ ಬ್ಯಾಕ್ಟೀರಿಯಾ ಸಾಯುತ್ತದೆ, ರೋಗ ತಡೆಯುವ ಕೆಲವು ಪ್ರೋಟೀನುಗಳು ಕಡಿಮೆಯಾಗುತ್ತವೆ, ಎಚ್‌ಎಂಒ ಮಾತ್ರ ಉಳಿಯುತ್ತದೆ. ತಿಂಗಳು ತುಂಬದೆ, ಕಡಿಮೆ ತೂಕದಲ್ಲಿ ಹುಟ್ಟಿ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಇರುವ ಮಕ್ಕಳಿಗೆ ಇದು ಮೊದಲು ಮೀಸಲು. ಕರುಳು ಕೊಳೆಯುವ ಎನ್‌ಇಸಿ ಎಂಬ ಭೀಕರ ಕಾಯಿಲೆ ಅಂಥ ಮಕ್ಕಳಲ್ಲಿ ಡಬ್ಬಿ ಹಾಲಿಗಿಂತ ದಾನದ ಹಾಲಿನಲ್ಲಿ ಕಡಿಮೆ. ಆರೋಗ್ಯವಂತ ಕೂಸಿಗೆ ದಿನವೂ ಸಿಗುತ್ತದೆ ಅಂತ ಕಾಯಬೇಡಿ. ನಿಮಗೆ ಹಾಲು ಜಾಸ್ತಿ ಇದ್ದರೆ ಕೊಡುವ ಬಗ್ಗೆ ವಿಚಾರಿಸಿ. ವಾಟ್ಸಾಪ್ ಗುಂಪಿನಲ್ಲಿ ಪರಿಚಯವಾದವರಿಂದ ನೇರ ಪಡೆಯುವುದು ಮಾತ್ರ ಬೇಡ, ಅದನ್ನು ಯಾರೂ ಪರೀಕ್ಷಿಸಿರುವುದಿಲ್ಲ.

ಪ್ರೊಬಯಾಟಿಕ್ ಹನಿ ಹಾಕಿದರೆ ಸಾಕಾಗುವುದಿಲ್ವಾ?

ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಪ್ರಯೋಗ 2017ರಲ್ಲಿ ದೊಡ್ಡ ಸುದ್ದಿಯಾಯಿತು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಂ ಮತ್ತು ಅದಕ್ಕೆ ತಿನ್ನಲು ಎಫ್‌ಒಎಸ್ ಒಟ್ಟಿಗೆ ಕೊಟ್ಟಾಗ ರಕ್ತದ ಸೋಂಕು ಮತ್ತು ಸಾವು ಶೇ. 9ರಿಂದ 5.4ಕ್ಕೆ ಇಳಿಯಿತು. ಅದ್ಭುತವೇ. ಆದರೆ ಆ ಮಕ್ಕಳು ಎದೆಹಾಲು ಕುಡಿಯುತ್ತಿದ್ದವರು, ಮತ್ತು ಅದು ಒಂದು ನಿರ್ದಿಷ್ಟ ತಳಿ. ಅಂಗಡಿಯ ಯಾವುದೋ ಹನಿಗೆ ಆ ಫಲಿತಾಂಶ ಅಂಟಿಸಲಾಗದು. ರಿಯುಟೆರಿ ಎಂಬ ಬ್ಯಾಕ್ಟೀರಿಯಾದ ಹನಿ ಎದೆಹಾಲಿನ ಮಕ್ಕಳ ಸಂಜೆಯ ಅಳುವನ್ನು ಕಡಿಮೆ ಮಾಡುತ್ತದೆ ಅನ್ನುವುದಕ್ಕೆ ಆಧಾರವಿದೆ, ಡಬ್ಬಿ ಹಾಲಿನ ಮಕ್ಕಳಲ್ಲಿ ಅಷ್ಟಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಇಂಥವನ್ನು ಕೊಡುವ ಬಗ್ಗೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ಡಾಕ್ಟರು ಬರೆದುಕೊಡುವ ವಿಟಮಿನ್ ಡಿ ಹನಿ ಬೇರೆ, ಅದನ್ನು ನಿಲ್ಲಿಸಬೇಡಿ.

ಆರು ತಿಂಗಳ ನಂತರ

ಮಣ್ಣಿ, ರಾಗಿ ಸರಿ, ಬೇಳೆಕಟ್ಟು ಕಲಸಿದ ಮೆತ್ತನೆಯ ಅನ್ನ, ಹಿಸುಕಿದ ಬಾಳೆಹಣ್ಣು ಶುರುವಾಗುತ್ತದೆ. ಇಲ್ಲಿನ ಕಿರಾಣಿ ಅಂಗಡಿಯಲ್ಲಿ ನಾಚಣಿ ಅಂತ ಕೇಳಿ. ಊಟ ಶುರುವಾಯಿತಲ್ಲ, ಇನ್ನು ಎದೆಹಾಲು ಬಿಡಿಸೋಣ ಅನ್ನುವ ಅವಸರ ಬೇಡ. ಸ್ವೀಡನ್ನಿನ 98 ತಾಯಿ-ಮಕ್ಕಳ ಅಧ್ಯಯನ 2015ರಲ್ಲಿ ತೋರಿಸಿದ್ದೇನೆಂದರೆ, ಕರುಳನ್ನು ದೊಡ್ಡವರ ರೂಪಕ್ಕೆ ತಿರುಗಿಸುವುದು ಊಟ ಶುರುವಾಗುವುದಕ್ಕಿಂತ ಎದೆಹಾಲು ನಿಲ್ಲುವುದು. ಗಂಜಿಯ ಜೊತೆ ಹಾಲು ನಡೆಯುತ್ತಿದ್ದರೆ ಬಿಫಿಡೋ ಕೂಡ ಇನ್ನಷ್ಟು ದಿನ ಇರುತ್ತದೆ, ತರಕಾರಿ-ಬೇಳೆಯ ನಾರು ತಿನ್ನುವ ಹೊಸ ಜಾತಿಗಳೂ ನಿಧಾನವಾಗಿ ಸೇರಿಕೊಳ್ಳುತ್ತವೆ. ಎರಡು ವರ್ಷದವರೆಗೆ ಕೊಡಬಹುದು, ಅದರ ಆಚೆಗೂ ಕೊಡಬಹುದು.

ವರ್ಷ ತುಂಬಿದ ಮೇಲೆ ಹಸುವಿನ ಹಾಲು ಲೋಟದಲ್ಲಿ ಕೊಡಿ, ದಿನಕ್ಕೆ ಅರ್ಧ ಲೀಟರ್ ಮೀರದಿರಲಿ, ಇಲ್ಲದಿದ್ದರೆ ಊಟ ಸೇರುವುದಿಲ್ಲ. ಎರಡು, ಮೂರು ಅಂತ ನಂಬರ್ ಹಾಕಿದ ಮುಂದಿನ ಹಂತದ ಡಬ್ಬಿಗಳು ಆಗ ಬೇಕಾಗಿಯೇ ಇಲ್ಲ.